ಕಲ್ಲಿನೊಳಗೆ ಉಳಿದ ರೆಕ್ಕೆ

ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ಆರಂಭವಾದ ಪ್ರಾದೇಶಿಕ ನೈಸರ್ಗಿಕ ಇತಿಹಾಸ ಸಂಗ್ರಹಾಲಯವನ್ನು ನೋಡಿ ಗೋಕುಲಂನ ಮನೆಗಳಿಗೆ ಮರಳುವ ಮಕ್ಕಳು ಹಿರಿಯರ ಮುಂದೆ ಪ್ರಶ್ನೆಗಳ ಸರಮಾಲೆಯನ್ನೇ ಇಡುವುದುಂಟು. “ಅಜ್ಜಾ, ಚಾಮುಂಡಿ ಬೆಟ್ಟವನ್ನು ಅಗೆದರೆ ಹಳೆಯ ಕಾಲದ ಪ್ರಾಣಿಗಳ ಮೂಳೆ ಸಿಕ್ಕೀತೇ?” ಎಂಬುದು ಅಂಥದೊಂದು ಪ್ರಶ್ನೆ.

ಸಿಗದು ಎಂಬುದೇ ಅದಕ್ಕೆ ಉತ್ತರ. ಬೆಟ್ಟದ ಗ್ರಾನೈಟ್ ಸುಮಾರು 80 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಶಿಲಾರಸ ತಣಿದು ಗಟ್ಟಿಯಾದದ್ದು. ಮೂಳೆಯುಳ್ಳ ಪ್ರಾಣಿಗಳು ಆಗ ಇನ್ನೂ ಹುಟ್ಟಿಯೇ ಇರಲಿಲ್ಲ. ನೀರಿನ ತಳದಲ್ಲಿ ಕೆಸರು ಪದರಪದರವಾಗಿ ಕೂತು ಕಲ್ಲಾದ ಕಡೆಗಳಲ್ಲಿಯೇ ಸಾಮಾನ್ಯವಾಗಿ ಪಳೆಯುಳಿಕೆಗಳು ದೊರೆಯುತ್ತವೆ.

ಜರ್ಮನಿಯ ಸೋಲ್ನ್‌ಹೋಫೆನ್ ಪ್ರದೇಶದ ಸುಣ್ಣಕಲ್ಲು ಅಂಥದು. ಅದರ ವಯಸ್ಸು ಸುಮಾರು 15 ಕೋಟಿ ವರ್ಷ. ಅಲ್ಲಿನ ನುಣುಪಾದ ಕಲ್ಲನ್ನು ಬಳಸಿಯೇ ಸೆನೆಫೆಲ್ಡರ್ ಎಂಬಾತ 1796ರ ಸುಮಾರಿಗೆ ಕಲ್ಲಚ್ಚಿನ ವಿದ್ಯೆಯನ್ನು ರೂಪಿಸಿದನು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಬಂದದ್ದು ಈ ಕಲ್ಲಚ್ಚಿನ ವಿಧಾನದಿಂದಲೇ. ಅಕ್ಷರಗಳಿಗೆ ಆಶ್ರಯವಾದ ಆ ಕಲ್ಲು ಅದಕ್ಕೂ ಬಹು ಹಿಂದೆ ಹಾರುವ ಜೀವಿಗಳಿಗೂ ಆಶ್ರಯವಾಗಿತ್ತು.

ಆ ಜೀವಿಗಳ ಹೆಸರು ಟೆರೋಸಾರ್. ಇವು ಹಕ್ಕಿಗಳಲ್ಲ, ಹಾರಬಲ್ಲ ಸರೀಸೃಪಗಳು. ಸುಮಾರು 22 ಕೋಟಿ ವರ್ಷಗಳ ಹಿಂದೆಯೇ ಬಾಳುತ್ತಿದ್ದ ಇವು 6.6 ಕೋಟಿ ವರ್ಷಗಳ ಹಿಂದೆ ಅಳಿದುಹೋದವು. ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ರೆಕ್ಕೆ ಬಡಿದು ಹಾರಿದವುಗಳಲ್ಲಿ ಇವೇ ಮೊದಲಿನವು. ಬಹಳ ಉದ್ದವಾಗಿ ಬೆಳೆದ ನಾಲ್ಕನೆಯ ಬೆರಳು ಇವುಗಳ ಚರ್ಮದ ರೆಕ್ಕೆಯನ್ನು ಹಿಡಿದಿತ್ತು. 1784ರಲ್ಲಿ ಕೊಲ್ಲಿನಿ ಎಂಬ ವಿದ್ವಾಂಸನು ಇಂಥದೊಂದು ಪಳೆಯುಳಿಕೆಯನ್ನು ಮೊದಲು ವರ್ಣಿಸಿದನು; 1801ರಲ್ಲಿ ಕ್ಯುವಿಯೇ ಅದು ಹಾರುವ ಸರೀಸೃಪವೆಂದು ಗುರುತಿಸಿದನು.

ಆದರೆ ಮೂಳೆ ಮಾತ್ರ ಕಂಡರೆ ಹಾರಾಟ ತಿಳಿಯದು. ಚರ್ಮ, ಸ್ನಾಯು ಮುಂತಾದ ಮೃದು ಅಂಗಾಂಶಗಳು ಬೇಗ ಕೊಳೆಯುತ್ತವೆ. ಅಪರೂಪಕ್ಕೆ ಉಳಿದರೂ ಅವುಗಳ ಬಣ್ಣ ಸುತ್ತಲ ಕಲ್ಲಿನಂತೆಯೇ ಇದ್ದು ಬರಿಗಣ್ಣಿಗೆ ಬೇರೆಯಾಗಿ ಕಾಣವು. ಮೂಳೆಯೊಂದೇ ಬೆಲೆಯುಳ್ಳದ್ದೆಂದು ಬಗೆದು ಸುತ್ತಲನ್ನು ಕೆರೆದು ತೆಗೆದರೆ, ಕೋಟ್ಯಂತರ ವರ್ಷ ಉಳಿದುಬಂದ ರೆಕ್ಕೆ ಒಂದೇ ಗಳಿಗೆಯಲ್ಲಿ ಧೂಳಾಗುತ್ತದೆ.

ಈ ಕೊರತೆಯನ್ನು ನೀಗಿದ್ದು ಲೇಸರ್ ಬೆಳಕು. ಬ್ಯಾಂಕಿನಲ್ಲಿ ನೋಟನ್ನು ಅತಿನೇರಳೆ ದೀಪದಡಿ ಹಿಡಿದಾಗ ಅಲ್ಲಿಯವರೆಗೆ ಕಾಣದಿದ್ದ ಎಳೆಗಳು ಹೊಳೆಯುವುದನ್ನು ಓದುಗರು ಕಂಡಿರಬಹುದು. ಒಂದು ಬೆಳಕನ್ನು ಹೀರಿ ಬೇರೊಂದು ಬಣ್ಣದ ಬೆಳಕನ್ನು ಬೀರುವ ಈ ಗುಣಕ್ಕೆ ಪ್ರತಿದೀಪ್ತಿ ಎಂದು ಹೆಸರು. ಕತ್ತಲ ಕೋಣೆಯಲ್ಲಿ ಪಳೆಯುಳಿಕೆಯ ಮೇಲೆ ನೇರಳೆ ಲೇಸರನ್ನು ಹಾಯಿಸಿದರೆ ಕಲ್ಲು ಒಂದು ಬಗೆಯಾಗಿ, ಚರ್ಮದ ಅವಶೇಷ ಇನ್ನೊಂದು ಬಗೆಯಾಗಿ ಹೊಳೆಯುತ್ತದೆ. ಕಲ್ಲನ್ನು ಮುಟ್ಟದೆಯೇ ಅದರ ಛಾಯಾಚಿತ್ರ ತೆಗೆಯಬಹುದು. ಥಾಮಸ್ ಕೇ ಮತ್ತು ಸಂಗಡಿಗರು 2015ರಲ್ಲಿ ಈ ವಿಧಾನವನ್ನು ವಿವರವಾಗಿ ಪ್ರಕಟಿಸಿದರು.

ಇದರ ಫಲ ವಿಸ್ಮಯಕರ. ಸೋಲ್ನ್‌ಹೋಫೆನ್‌ನ ಒಂದು ಟೆರೋಸಾರ್‌ನಲ್ಲಿ ರೆಕ್ಕೆ ದೇಹವನ್ನು ಸೇರುವೆಡೆಯನ್ನು ಸ್ನಾಯುವೇ ನಯವಾಗಿ ತುಂಬಿತ್ತೆಂದು ಮೈಕೆಲ್ ಪಿಟ್‌ಮನ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದರು. ಹಕ್ಕಿಗಳಲ್ಲಿ ಆ ಕೆಲಸವನ್ನು ಗರಿಯೂ ಬಾವಲಿಗಳಲ್ಲಿ ರೋಮವೂ ಮಾಡುತ್ತವೆ. ನಟಾಲಿಯಾ ಯಾಗಿಯೆಲ್ಸ್ಕಾ ಮತ್ತು ಸಂಗಡಿಗರು 2024ರಲ್ಲಿ ಬಾಲದ ತುದಿಯ ಚರ್ಮದ ಪಟದೊಳಗೆ ಜಾಲರಿಯಂಥ ರಚನೆಯನ್ನು ಕಂಡರು. ಹಡಗಿನ ಹಾಯಿಯಂತೆ ಪಟ ಬಿಗಿಯಾಗಿರಲು ಅದು ನೆರವಾಗುತ್ತಿತ್ತೆಂದು ಅವರು ವಿವರಿಸಿದ್ದಾರೆ.

ಬ್ರೆಜಿಲ್ ದೇಶದ ಟುಪಾನ್‌ಡಾಕ್ಟೈಲಸ್ ಎಂಬ ಜೀವಿಯ ಕಥೆ ಇನ್ನೂ ಮನನೀಯ. ಅದರ ತಲೆಯ ತುರಾಯಿಯಲ್ಲಿ ಗರಿಗಳನ್ನೂ ಬಣ್ಣದ ಸೂಕ್ಷ್ಮಕಣಗಳನ್ನೂ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಗುರುತಿಸಿ 2022ರಲ್ಲಿ ಪ್ರಕಟಿಸಲಾಯಿತು. ಖಾಸಗಿ ಸಂಗ್ರಹದಲ್ಲಿದ್ದ ಆ ಪಳೆಯುಳಿಕೆಯನ್ನು ಅದೇ ವರ್ಷ ತವರುದೇಶಕ್ಕೆ ಮರಳಿಸಲಾಯಿತು. ಎಲ್ಲರಿಗೂ ಸೇರಿದ ಅರಿವಿನ ಸಂಪತ್ತು ಒಬ್ಬರ ಕಪಾಟಿನಲ್ಲಿ ಉಳಿಯಬಾರದೆಂಬುದಕ್ಕೆ ಇದೊಂದು ನಿದರ್ಶನ.

ಇದರಲ್ಲಿ ಗೃಹಸ್ಥರಾದ ನಮಗೂ ಪಾಠವಿದೆ. ನಮ್ಮ ಅಟ್ಟಗಳಲ್ಲಿಯೂ ಹಳೆಯ ತಾಳೆಗರಿ, ಕಡತ, ಮಾಸಿದ ಭಾವಚಿತ್ರಗಳಿರಬಹುದು. ಓದಲಾಗದೆಂದು ಒಲೆಗೆ ಹಾಕುವ ಮೊದಲು, ಹೊಳಪಿಗಾಗಿ ಉಜ್ಜುವ ಮೊದಲು ಒಂದು ಗಳಿಗೆ ನಿಲ್ಲೋಣ. ಇಂದು ನಮಗೆ ಕಾಣದ್ದು ನಾಳೆ ನಮ್ಮ ಮಕ್ಕಳಿಗೆ ಕಂಡೀತು. ಅಲ್ಲಿಯವರೆಗೆ ಅದನ್ನು ಕೆಡದಂತೆ ಕಾಯುವುದು ನಮ್ಮ ಹೊಣೆ.