ಸತ್ತ ಸವತಿಯ ಮರಳುವಿಕೆ: ‘ಬ್ಲೈದ್ ಸ್ಪಿರಿಟ್’ ಚಲನಚಿತ್ರದಲ್ಲಿ ಒಂದು ಜನಪದ ಆಶಯ

ಸತ್ತ ಹೆಂಡತಿಯು ಮರುಮದುವೆಯಾದ ಗಂಡನನ್ನು ಕಾಡುವ ಕಥೆಗಳು ಅನೇಕ ಜನಸಮುದಾಯಗಳಲ್ಲಿ ದೊರೆಯುತ್ತವೆ. ಸ್ತಿತ್ ಥಾಮ್ಸನ್ ತಮ್ಮ ಆಶಯ ಸೂಚಿಯಲ್ಲಿ ಇದಕ್ಕೆ ಇ 221.1 ಎಂಬ ಸಂಖ್ಯೆಯನ್ನು ಕೊಟ್ಟಿದ್ದಾರೆ. ಮೌಖಿಕ ಪರಂಪರೆಯಲ್ಲಿ ಭಯದ ಕಥೆಗಳಿಗೆ ಹೆಚ್ಚಾಗಿ ಒದಗುವ ಈ ಆಶಯವನ್ನು ನಗೆಗೆ ತಿರುಗಿಸಿಕೊಂಡ ಕೃತಿ ನೊಯೆಲ್ ಕವರ್ಡ್ ಅವರ ‘ಬ್ಲೈದ್ ಸ್ಪಿರಿಟ್’. ಲಂಡನ್ ಮೇಲಿನ ನಿರಂತರ ಬಾಂಬುದಾಳಿ ನಿಂತ ಕೆಲವೇ ವಾರಗಳಲ್ಲಿ, 1941ರ ಜುಲೈನಲ್ಲಿ, ಅಲ್ಲಿನ ರಂಗಭೂಮಿಗೆ ಬಂದ ಈ ನಾಟಕ 1,997 ಪ್ರಯೋಗಗಳನ್ನು ಕಂಡಿತು. ಸಾವು ನೆರೆಮನೆಯ ಸಂಗತಿಯಾಗಿದ್ದ ದಿನಗಳಲ್ಲಿ ಜನ ಪ್ರೇತವನ್ನು ನೋಡಿ ನಕ್ಕರೆಂಬುದು ಸಣ್ಣ ವಿಷಯವಲ್ಲ. ಡೇವಿಡ್ ಲೀನ್ ಅದನ್ನು 1945ರಲ್ಲಿ ವರ್ಣಚಿತ್ರವಾಗಿ ತೆರೆಗೆ ತಂದರು.

ಕಥಾನಾಯಕ ಚಾರ್ಲ್ಸ್ ಕಾಂಡೊಮೈನ್ ಕಾದಂಬರಿಕಾರ. ಮೊದಲ ಹೆಂಡತಿ ಎಲ್ವಿರಾ ತೀರಿಕೊಂಡು ಏಳು ವರ್ಷಗಳಾಗಿವೆ. ಎರಡನೆಯವಳಾದ ರೂತ್‌ಳೊಡನೆ ಅಚ್ಚುಕಟ್ಟಾದ, ತುಸು ಬೇಸರದ ಸಂಸಾರ. ಕಪಟ ಮಾಂತ್ರಿಕಳೊಬ್ಬಳನ್ನು ಕುರಿತು ಕಾದಂಬರಿ ಬರೆಯಬೇಕೆಂದಿರುವ ಅವನು, ಪ್ರೇತಾಹ್ವಾನ ಮಾಡುವ ಮೇಡಂ ಆರ್ಕಾಟಿಯನ್ನು ಊಟಕ್ಕೆ ಕರೆಯುತ್ತಾನೆ. ಅವಳ ಮಾತಿನ ಧಾಟಿ, ವೃತ್ತಿಯ ಪರಿಭಾಷೆ, ಹಾವಭಾವ ಇವಿಷ್ಟೇ ಅವನಿಗೆ ಬೇಕಾದವು. ಆದರೆ ಆಹ್ವಾನ ಫಲಿಸುತ್ತದೆ. ಎಲ್ವಿರಾ ಮನೆಯೊಳಗೆ ಬಂದು ನಿಲ್ಲುತ್ತಾಳೆ. ಕಾಣುವುದೂ ಕೇಳುವುದೂ ಚಾರ್ಲ್ಸ್‌ಗೆ ಮಾತ್ರ.

ಹಾಲಿವುಡ್‌ನಲ್ಲಿ 1930ರ ದಶಕದಲ್ಲಿ ಬೆಳೆದ ‘ಸ್ಕ್ರೂಬಾಲ್’ ಹಾಸ್ಯಚಿತ್ರಗಳಲ್ಲಿ ಗಂಡುಹೆಣ್ಣಿನ ವಾಗ್ವಾದವೇ ಪ್ರಣಯದ ಭಾಷೆ. ಅವುಗಳಲ್ಲಿ ಕೆಲವನ್ನು ಸ್ಟಾನ್ಲಿ ಕವೆಲ್ 1981ರ ತಮ್ಮ ಗ್ರಂಥದಲ್ಲಿ ಮರುಮದುವೆಯ ಹಾಸ್ಯಗಳೆಂದು ಗುರುತಿಸಿದರು: ಅಗಲಿದ ದಂಪತಿಗಳು ಜಗಳವಾಡುತ್ತಲೇ ಮತ್ತೆ ಕೂಡುತ್ತಾರೆ. ಕವರ್ಡ್ ಅವರ ಕೃತಿ ಇಂಗ್ಲೆಂಡಿನದಾದರೂ ಇದೇ ಬಳಗದ ಸಮೀಪದ್ದು. ಇಲ್ಲಿ ಅಗಲಿಸಿದ್ದು ವಿಚ್ಛೇದನವಲ್ಲ, ಸಾವು. ಚಾರ್ಲ್ಸ್ ಪ್ರೇತಕ್ಕೆ ಹೇಳಿದ ಗದರಿಕೆಯ ಮಾತನ್ನು ರೂತ್ ತನಗೇ ಆಡಿದ್ದೆಂದು ತಿಳಿಯುತ್ತಾಳೆ. ಇಡೀ ಚಿತ್ರದ ನಗೆ ಈ ಒಂದು ತಪ್ಪುಗ್ರಹಿಕೆಯಿಂದ ಹುಟ್ಟಿ ಹರಡುತ್ತದೆ. ಪ್ರೇಕ್ಷಕರಿಗಾದರೋ ಎಲ್ವಿರಾ ಸ್ಪಷ್ಟವಾಗಿ ಕಾಣುತ್ತಾಳೆ. ನಟಿ ಕೇ ಹ್ಯಾಮಂಡ್ ಅವರಿಗೆ ಮಸುಕು ಹಸಿರಿನ ಪ್ರಸಾಧನ, ಕೆಂಪು ತುಟಿ, ಕೆಂಪು ಉಗುರು, ಪಾರದರ್ಶಕ ನೆರಳಿಲ್ಲ. ಚಿತ್ರದ ವಿಶೇಷ ಪರಿಣಾಮಗಳಿಗಾಗಿ ಟಾಮ್ ಹೋವರ್ಡ್ ಅವರಿಗೆ ಅಕಾಡೆಮಿ ಪ್ರಶಸ್ತಿ ಸಂದಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಈ ಚಿತ್ರದ ತಿರುಳು ಸವತಿಯರ ಕಲಹಕ್ಕಿಂತ ಆ ಊಟದ ಆಮಂತ್ರಣದಲ್ಲಿದೆ. ಚಾರ್ಲ್ಸ್ ಒಂದು ಬಗೆಯಲ್ಲಿ ಕ್ಷೇತ್ರಕಾರ್ಯವನ್ನೇ ಮಾಡುತ್ತಿದ್ದಾನೆ, ಆದರೆ ಅಪ್ರಾಮಾಣಿಕವಾಗಿ. ವಕ್ತೃವಿಗೆ ಉದ್ದೇಶವನ್ನು ತಿಳಿಸಿಲ್ಲ. ಅವಳ ನಂಬಿಕೆ ಅವನಿಗೆ ಕೇವಲ ಸಾಮಗ್ರಿ. ಮಾರ್ಗರೆಟ್ ರುದರ್‌ಫರ್ಡ್ ಅಭಿನಯಿಸಿರುವ ಆರ್ಕಾಟಿ ಸೈಕಲ್ ಏರಿ ಬರುವ, ಉತ್ಸಾಹ ತುಂಬಿ ತುಳುಕುವ ಹೆಂಗಸು. ಮೇಲ್ನೋಟಕ್ಕೆ ಅವಳು ನಗೆಪಾಟಲಿನ ಪಾತ್ರ. ಆದರೆ ತನ್ನನ್ನು ಕಾದಂಬರಿಯ ಸಾಮಗ್ರಿಗಾಗಿ ಕರೆಸಲಾಗಿತ್ತೆಂದು ರೂತ್‌ಳ ಬಾಯಿಂದ ತಿಳಿದಾಗ ಅವಳಿಗಾಗುವ ಅವಮಾನ ನಿಜವಾದದ್ದು. ಸಹಾಯ ನಿರಾಕರಿಸಿ ಎದ್ದು ಹೋಗುತ್ತಾಳೆ. ತನ್ನ ವಿದ್ಯೆಯಲ್ಲಿ ಅವಳಿಗಿರುವ ಶ್ರದ್ಧೆಯನ್ನು ರುದರ್‌ಫರ್ಡ್ ಎಲ್ಲಿಯೂ ಹಗುರಗೊಳಿಸುವುದಿಲ್ಲ. ಚಿತ್ರ ಇಂದಿಗೂ ಬಾಳಿಕೊಂಡಿರುವುದು ಬಹುಶಃ ಅದರಿಂದಲೇ.

ಇನ್ನೂ ಸೂಕ್ಷ್ಮವಾದ ಎಳೆಯೊಂದಿದೆ. ಪ್ರೇತಗಳನ್ನು ಕರೆದದ್ದು ಆರ್ಕಾಟಿಯಲ್ಲ, ಮನೆಯ ಕೆಲಸದ ಹುಡುಗಿ ಈಡಿತ್ ಎಂಬುದು ಕೊನೆಯಲ್ಲಿ ಬಯಲಾಗುತ್ತದೆ. ಶಕ್ತಿಯಿದ್ದದ್ದು ಅವಳಲ್ಲಿ, ಅದು ಅವಳಿಗೇ ಗೊತ್ತಿರಲಿಲ್ಲ. ಸಾಮಗ್ರಿ ಹುಡುಕುತ್ತಿದ್ದ ಲೇಖಕ ಚಹಾ ತಂದಿಡುವವಳನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಎಲ್ವಿರಾಳ ಹೊಟ್ಟೆಕಿಚ್ಚನ್ನು ಬರಿಯ ಚೆಲ್ಲಾಟವೆಂದು ತಳ್ಳಿಹಾಕಲಾಗದು. ಕನ್ನಡ ನಾಡಿನ ಅನೇಕ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ದಿನ ತೀರಿಹೋದ ಗೃಹಿಣಿಗೂ ಸೀರೆ ಇಟ್ಟು ನೆನೆಯುವ ರೂಢಿಯುಂಟು. ಸತ್ತವಳಿಗೆ ಅಲ್ಲೊಂದು ಜಾಗವಿದೆ. ಕಾಂಡೊಮೈನ್ ಮನೆಯಲ್ಲಿ ಎಲ್ವಿರಾ ಉಳಿದಿರುವುದು ಮಾತಿನ ನಡುವೆ ಸುಳಿಯುವ ನೆನಪಾಗಿ ಮಾತ್ರ. ಗಂಡನನ್ನು ತನ್ನ ಲೋಕಕ್ಕೆ ಕರೆದೊಯ್ಯಲು ಅವಳು ಕಾರನ್ನು ಕೆಡಿಸಿಟ್ಟಾಗ ಅದನ್ನೇರಿದ ರೂತ್ ಸಾಯುತ್ತಾಳೆ. ಈಗ ಮನೆಯಲ್ಲಿ ಎರಡು ಪ್ರೇತಗಳು.

ನಾಟಕದಲ್ಲಿ ಚಾರ್ಲ್ಸ್ ಕಾಣದ ಇಬ್ಬರನ್ನೂ ಮಾತಿನಲ್ಲಿ ಚುಚ್ಚಿ, ಮನೆಯ ಸಾಮಾನುಗಳು ಉರುಳಿ ಒಡೆಯುತ್ತಿರುವಂತೆಯೇ ಹೊರಟುಹೋಗುತ್ತಾನೆ. ಬಿಡುಗಡೆ ಅವನ ಪಾಲಿಗೆ. ಚಲನಚಿತ್ರ ಈ ಮುಕ್ತಾಯವನ್ನು ಬದಲಿಸಿದೆ. ಕವರ್ಡ್ ತಮ್ಮ ನಾಯಕನಿಗೆ ಕೊಟ್ಟ ವಿನಾಯಿತಿಯನ್ನು ತೆರೆ ಹಿಂತೆಗೆದುಕೊಂಡು ಹಳೆಯ ಕಥೆಯ ನ್ಯಾಯಕ್ಕೆ ಮರಳಿದೆ. ಕಾದಂಬರಿಕಾರ ಕಾರಿನಲ್ಲಿ ಹೊರಡುತ್ತಾನೆ, ಸೇತುವೆಯ ಬಳಿ ಅಪಘಾತವಾಗುತ್ತದೆ, ಮರುಕ್ಷಣವೇ ಅವನು ಅಲ್ಲಿ ಕಾದು ಕುಳಿತಿದ್ದ ಇಬ್ಬರು ಹೆಂಡಿರ ನಡುವೆ ಬಂದು ಕೂರುತ್ತಾನೆ.