ವೇಷವೂ ವೃತ್ತಿಯೂ

‘ವೇಷ’ ಎಂಬ ಮಾತಿಗೆ ನಮ್ಮ ಆಡುನುಡಿಯಲ್ಲಿ ಅಷ್ಟೇನೂ ಗೌರವವಿಲ್ಲ. ‘ಅವನದೆಲ್ಲ ವೇಷ’ ಎಂದರೆ ಅವನನ್ನು ನಂಬಬೇಡ ಎಂದೇ ಅರ್ಥ. ಹೀಗಿರುವಾಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗಳು, 26 ವಯಸ್ಸಿನ ಹುಡುಗಿ, ಆ ಕೆಲಸವನ್ನು ಬಿಟ್ಟು ವೇಷ ಕಟ್ಟುವುದನ್ನೇ ಜೀವನೋಪಾಯ ಮಾಡಿಕೊಳ್ಳುತ್ತೇನೆಂದಾಗ ಮನೆಯಲ್ಲಿ ಎಂಥ ಗೊಂದಲವೆದ್ದಿರಬೇಕೆಂಬುದನ್ನು ಕೇಳುಗರು ಊಹಿಸಬಲ್ಲರು. ‘ಅಣ್ಣ, ನೀನಾದರೂ ಅವಳಿಗೆ ಬುದ್ಧಿ ಹೇಳು’ ಎಂದು ತಂಗಿ ಹೊಣೆಯನ್ನು ನನಗೊಪ್ಪಿಸಿದಳು. ಬುದ್ಧಿ ಹೇಳುವುದಕ್ಕೆ ಮೊದಲು ವಿಷಯ ತಿಳಿಯಬೇಕಲ್ಲವೆ? ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ಕ್ರಮ ಒಮ್ಮೊಮ್ಮೆ ಮರೆತುಹೋಗುತ್ತದೆ.

ಈ ಹವ್ಯಾಸದ ಹೆಸರು ಕಾಸ್‌ಪ್ಲೇ. ಚಿತ್ರಕಥೆ, ಚಲನಚಿತ್ರ, ಕಂಪ್ಯೂಟರ್ ಆಟ ಇವುಗಳಲ್ಲಿ ಬರುವ ಪಾತ್ರವೊಂದರ ಉಡುಪು, ಆಯುಧ, ಕೇಶವಿನ್ಯಾಸಗಳನ್ನು ಸಿದ್ಧಪಡಿಸಿಕೊಂಡು ಆ ಪಾತ್ರವಾಗಿ ಜನರ ಮುಂದೆ ನಿಲ್ಲುವುದು ಇದರ ಸ್ವರೂಪ. ಕಾಸ್ಟ್ಯೂಮ್, ಪ್ಲೇ ಎಂಬೆರಡು ಇಂಗ್ಲಿಷ್ ಮಾತುಗಳನ್ನು ಕತ್ತರಿಸಿ ಬೆಸೆದ ಈ ಪದವನ್ನು 1983ರಲ್ಲಿ ಜಪಾನಿನ ಪತ್ರಿಕೆಯೊಂದರಲ್ಲಿ ಬಳಕೆಗೆ ತಂದವರು ನೊಬುಯುಕಿ ತಕಹಾಶಿ. ರೂಢಿ ಪದಕ್ಕಿಂತ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಅಕರ್‌ಮನ್, ಮರ್ಟಲ್ ಡಗ್ಲಸ್ ಎಂಬಿಬ್ಬರು ಭವಿಷ್ಯಕಾಲದ ಉಡುಪು ತೊಟ್ಟು ಬಂದಿದ್ದರು. ಬಹುಕಾಲ ಹೆಸರು ನಡೆದದ್ದು ಅಕರ್‌ಮನ್ನರದು. ಉಡುಪುಗಳನ್ನು ರೂಪಿಸಿ ಹೊಲಿದವರು ಡಗ್ಲಸ್. ಇಂದು ಜಪಾನಿನ ನಗೋಯಾ ನಗರದಲ್ಲಿ ಇದರದೇ ಜಾಗತಿಕ ಮೇಳವಿದೆ. ಅದು ಪ್ರಾರಂಭವಾದದ್ದು 2003ರಲ್ಲಿ. ನಮ್ಮ ಬೆಂಗಳೂರೂ 2012ರಲ್ಲಿ ಮೊದಲ ಕಾಮಿಕ್ ಕಾನ್ ಕಂಡಿತು. ನನ್ನ ಸೊಸೆಗೆ ಹುಚ್ಚು ಹಿಡಿದದ್ದು ಅಂಥದೇ ಒಂದು ಮೇಳದಲ್ಲಿ.

ಅವಳ ಕೋಣೆಗೆ ಹೋಗಿ ನೋಡಿದೆ. ಗೋಡೆಗೆ ಒರಗಿಸಿದ್ದ ಕವಚ ಉಕ್ಕಿನದೆಂದೇ ತೋರಿತು. ಎತ್ತಿದರೆ ಹೂವಿನ ಬುಟ್ಟಿಯಷ್ಟು ಹಗುರ! ಮಕ್ಕಳು ಆಡುವ ಕಡೆ ನೆಲಕ್ಕೆ ಹಾಸುವ ಮೆತ್ತನೆಯ ಫೋಮ್ ಹಾಳೆಯದು. ಅದನ್ನು ಕತ್ತರಿಸಿ, ಬಿಸಿಗಾಳಿಯ ಯಂತ್ರದಿಂದ ಕಾಯಿಸಿ, ಮೆದುವಾದಾಗ ಬಾಗಿಸಿ ಹಿಡಿದರೆ ಆರಿದ ಮೇಲೆ ಆ ಆಕಾರದಲ್ಲೇ ನಿಲ್ಲುತ್ತದೆ. ಆಮೇಲೆ ರಬ್ಬರ್ ಅಂಟು, ರಂಧ್ರ ಮುಚ್ಚುವ ಲೇಪ, ಕಪ್ಪು ಬಣ್ಣ, ಅದರ ಮೇಲೆ ಬೆಳ್ಳಿಯ ಬಣ್ಣ. ಅಂಟಿನ ಹಬೆ ಶ್ವಾಸಕೋಶಕ್ಕೆ ಕೇಡು. ಆದ್ದರಿಂದ ವೇಷಕ್ಕೆ ಮೊದಲೇ ಮುಖವಾಡ ಬೇಕು. ನನಗೆ ನೆನಪಾದದ್ದು ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು. ಹಗುರ ಮರದ ಮೇಲೆ ಬೇಗಡೆ, ಕನ್ನಡಿಚೂರು ಅಂಟಿಸಿ ಚಿನ್ನದ ಭಾರವನ್ನು ಕಣ್ಣಿಗೆ ಮಾತ್ರ ಕೊಡುವ ವಿದ್ಯೆ ಅದು. ಇರುಳೆಲ್ಲ ಕುಣಿಯುವವನ ಹೆಗಲಿಗೆ ನಿಜವಾದ ಭಾರ ಹೊರಿಸಲಾದೀತೆ? ಅಲ್ಲಿಗೆ ನನ್ನ ತಿರಸ್ಕಾರ ಅರ್ಧ ಇಳಿಯಿತು.

ಉಳಿದರ್ಧ ಹಣದ ಪ್ರಶ್ನೆ. ‘ಈ ಕವಚ ಮಾಡಿಕೊಟ್ಟದ್ದಕ್ಕೆ ಎಷ್ಟು ಬರುತ್ತದಮ್ಮ?’ ಎಂದೆ. ‘12,000 ರೂಪಾಯಿ, ಮಾವ’ ಎಂದಳು ಹೆಮ್ಮೆಯಿಂದ. ಸಾಮಗ್ರಿಗೆ 7,400 ಹೋಗಿತ್ತು. ದುಡಿದದ್ದೆಷ್ಟು ಹೊತ್ತು? ಅವಳು ಲೆಕ್ಕವಿಟ್ಟಿರಲಿಲ್ಲ. ಇಬ್ಬರೂ ಕುಳಿತು ಸಂಜೆಗಳನ್ನೂ ಭಾನುವಾರಗಳನ್ನೂ ಎಣಿಸಿದೆವು: 140 ಗಂಟೆ. ಗಂಟೆಗೆ 33 ರೂಪಾಯಿಯೂ ಬೀಳಲಿಲ್ಲ! ಹುಡುಗಿ ಬಹಳ ಹೊತ್ತು ಮಾತಾಡಲಿಲ್ಲ. ಹವ್ಯಾಸಿ ತನ್ನ ಹೊತ್ತಿಗೆ ಬೆಲೆ ಕಟ್ಟುವುದಿಲ್ಲ. ಹಾಗೆ ಕಟ್ಟದಿರುವುದೇ ಅವನ ಸುಖ. ವೃತ್ತಿಗೆ ಇಳಿದವನು ಮೊದಲು ಕಳೆದುಕೊಳ್ಳುವುದು ಆ ಸುಖವನ್ನೇ.

ಹಾಗಾದರೆ ಇದರಿಂದ ಬದುಕಿದವರು ಇಲ್ಲವೆ? ಇದ್ದಾರೆ. ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಯಾಯಾ ಹಾನ್ ಎಂಬಾಕೆ 1999ರಲ್ಲಿ ಈ ಹವ್ಯಾಸಕ್ಕೆ ತೊಡಗಿ, ಹೊಲಿಗೆಯನ್ನು ತಾವೇ ಕಲಿತು, ಇದನ್ನು ಪೂರ್ಣ ವೃತ್ತಿಯಾಗಿಸಿಕೊಂಡರು. ಅವರ ಸಂಪಾದನೆಯ ದಾರಿಗಳನ್ನು ಗಮನಿಸಬೇಕು: ಪರರಿಗೆ ಉಡುಪು ಹೊಲಿದುಕೊಟ್ಟದ್ದು, ಅಲಂಕಾರಗಳನ್ನು ಮಾರಿದ್ದು, ಮೇಳಗಳಿಗೆ ಅತಿಥಿಯಾಗಿ ಹೋದದ್ದು, ಮೆಕ್‌ಕಾಲ್ಸ್ ಸಂಸ್ಥೆಯ ಮೂಲಕ ಹೊಲಿಗೆಯ ನಮೂನೆಗಳನ್ನು ಹೊರತಂದದ್ದು, 2020ರಲ್ಲಿ ಪುಸ್ತಕ ಬರೆದದ್ದು. ವೇಷ ತೊಟ್ಟು ನಿಂತದ್ದು ಅಂಗಡಿಯ ಮುಂದಿನ ಫಲಕವಿದ್ದಂತೆ; ವ್ಯಾಪಾರ ನಡೆದದ್ದು ಒಳಗೆ. ನಮ್ಮ ಊರುಗಳಲ್ಲಿಯೂ ಶಾಲೆಯ ಛದ್ಮವೇಷ ಸ್ಪರ್ಧೆಗೆ, ಹವ್ಯಾಸಿ ಯಕ್ಷಗಾನಕ್ಕೆ ವೇಷಭೂಷಣ ಬಾಡಿಗೆಗೆ ಕೊಡುವವರಿದ್ದಾರೆ. ಒಮ್ಮೆ ಮಾಡಿದ ಕಿರೀಟ ಹತ್ತು ತಲೆಗಳ ಮೇಲೆ ದುಡಿಯುತ್ತದೆ. ಬಹುಮಾನವನ್ನು ನೆಚ್ಚಿದವರ ಪಾಡು ಹಾಗಲ್ಲ; ಅದು ಗೆದ್ದ ವರ್ಷ ಮಾತ್ರ ಬರುವ ಮಳೆ.

ಇನ್ನೊಂದು ತೊಡಕಿದೆ. ಇದನ್ನು ಹುಡುಗಿ ಯೋಚಿಸಿಯೇ ಇರಲಿಲ್ಲ. ಅವಳು ಧರಿಸುವ ಪಾತ್ರ ಅವಳದಲ್ಲ. ಅದನ್ನು ಸೃಷ್ಟಿಸಿದ ಚಿತ್ರಕಾರನದು, ಇಲ್ಲವೆ ಸಂಸ್ಥೆಯದು. ನಮ್ಮ 1957ರ ಕೃತಿಸ್ವಾಮ್ಯ ಶಾಸನದಲ್ಲಿ ಕಾಗದದ ಮೇಲಿನ ಚಿತ್ರವನ್ನು ಉದ್ದ, ಅಗಲ, ದಪ್ಪವುಳ್ಳ ವಸ್ತುವಾಗಿ ರೂಪಿಸುವ ಹಕ್ಕೂ ಚಿತ್ರದ ಒಡೆಯನಿಗೇ ಸೇರಿದೆ. ಮನೆಯ ಸಂತೋಷಕ್ಕೆ ವೇಷ ಹಾಕಿದವರ ಬೆನ್ನು ಹತ್ತುವ ಒಡೆಯರು ವಿರಳ. ಕಾಸು ಕೈಗೆ ಬಂದೊಡನೆ ಮಾತು ಬೇರೆಯಾಗಬಹುದು. ಕಾಸ್‌ಪ್ಲೇಯ ತವರಾದ ಜಪಾನಿನಲ್ಲಿಯೇ 2021ರಲ್ಲಿ ಸರ್ಕಾರ ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಪರಿಶೀಲಿಸಿತು. ಆದ್ದರಿಂದ ಅನುಮತಿ ಪಡೆಯಬೇಕು, ಇಲ್ಲವೆ ಸ್ವಂತ ಪಾತ್ರವನ್ನು ಕಲ್ಪಿಸಬೇಕು. ‘ಕರ್ಣನಿಗೆ ಒಡೆಯರಿಲ್ಲವಮ್ಮ, ಅವನ ಕವಚವನ್ನು ನಿನ್ನ ಮನಸ್ಸಿಗೆ ಬಂದಂತೆ ಕಟ್ಟು’ ಎಂದೆ. ನಕ್ಕಳು, ಆದರೆ ಬರೆದುಕೊಂಡಳು.

ಕೆಲಸ ಬಿಡುವ ಪತ್ರವನ್ನು ಒಂದು ವರ್ಷ ಮುಂದಕ್ಕೆ ಹಾಕಿದ್ದಾಳೆ. ಅಷ್ಟರಲ್ಲಿ ಆರು ತಿಂಗಳ ಖರ್ಚನ್ನು ಬದಿಗಿಡಬೇಕೆಂಬುದು ನಮ್ಮಿಬ್ಬರ ಒಪ್ಪಂದ. ಮೊನ್ನೆ ಒಂದು ಹವ್ಯಾಸಿ ನಾಟಕ ತಂಡದವರು ಎರಡು ಕವಚಗಳಿಗೆ ಬೆಲೆ ಕೇಳಿದರಂತೆ. ಈ ಸಲ ಗಂಟೆಗಳನ್ನು ಲೆಕ್ಕ ಹಿಡಿದು ಹೇಳಿದ್ದಾಳೆ. ಅವರು ಎರಡು ದಿನ ಸುಮ್ಮನಿದ್ದು, ಒಂದು ಕವಚ ಸಾಕು ಎಂದು ಮುಂಗಡ ಕಳುಹಿಸಿದರು. ‘ಅವಳಿಗೆ ಏನು ಹೇಳಿದೆ ಅಣ್ಣ?’ ಎಂದು ತಂಗಿ ವಿಚಾರಿಸುತ್ತಲೇ ಇದ್ದಾಳೆ. ಲೆಕ್ಕದ ಪುಸ್ತಕವೊಂದನ್ನು ಕೊಡಿಸಿದೆನೆಂದು ಅವಳಿಗೆ ಇನ್ನೂ ಹೇಳಿಲ್ಲ.