ಇನ್ನೂರು ಗಂಟೆಯ ಲೆಕ್ಕ ಕೇಳಿ, ಆಮೇಲೆ ಹೊಲದ ಮಾತು

ಹೋದ ವಾರ ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುತ್ತಿದ್ದೆವು. ಬಸ್ಸು ಹಾನಗಲ್ ದಾಟುತ್ತಿದ್ದ ಹಾಗೆಯೇ ಪಕ್ಕದಲ್ಲಿ ಕುಂತಿದ್ದ ಯಜಮಾನರು ಚೀಲದಿಂದ ಒಂದು ಹೊಳೆಯುವ ಕಾಗದ ತೆಗೆದು ನಮ್ಮ ಕೈಗಿಟ್ಟರು. ‘ಸಾರ್, ನೀವು ಪೇಪರ್‌ನೋರು. ಇದು ನಿಜಾನೋ ಸುಳ್ಳೋ ನೋಡಿ ಹೇಳ್ರಿ’ ಎಂದರು.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ವ್ಯಾಪಾರ ಅವರದು. ಮಗ ಪಿ.ಯು.ಸಿ. ಸೈನ್ಸ್ ಮುಗಿಸಿದ್ದಾನೆ. ಪೈಲಟ್ ಆಗ್ತೀನಿ ಅಂತ ಹಟ ಹಿಡಿದು ಕುಂತಿದ್ದಾನೆ. ಕಾಗದದಲ್ಲಿ ಬಿಳಿ ಅಂಗಿ, ಭುಜದ ಮೇಲೆ ಪಟ್ಟಿ, ಹಿಂದೆ ದೊಡ್ಡ ವಿಮಾನ. ‘18 ತಿಂಗಳಲ್ಲಿ ಪೈಲಟ್, ಕೆಲಸ ಗ್ಯಾರಂಟಿ’ ಎಂದು ದಪ್ಪಕ್ಷರ. ಒಟ್ಟು 60 ಲಕ್ಷ. ಶನಿವಾರದೊಳಗೆ 10 ಲಕ್ಷ ಕಟ್ಟಿದರೆ ಸೀಟು ಖಾಯಂ ಅಂತ ಬೆಂಗಳೂರಿನ ಏಜೆಂಟ್ ದಿನಾ ಫೋನ್ ಮಾಡುತ್ತಾನಂತೆ.

‘ರಸ್ತೆ ಪಕ್ಕ ನಾಲ್ಕು ಎಕರೆ ಐತೆ. ಗಿರಾಕಿನೂ ಬಂದವ್ನೆ. ಕೊಟ್ಟುಬಿಡ್ಲಾ ಅಂತ...’ ಎಂದು ಯಜಮಾನರು ಕಿಟಕಿಯ ಆಚೆ ನೋಡಿದರು.

ಓದುಗ ಮಹಾಶಯರೇ, ಇದು ಒಬ್ಬರ ಮನೆಯ ಕತೆಯಲ್ಲ. ಎಣ್ಣೆ ಗಿರಣಿಯವರ ಮನೆ, ಕಿರಾಣಿ ಅಂಗಡಿಯವರ ಮನೆ, ಮೇಷ್ಟ್ರ ಮನೆ, ಎಲ್ಲಿ ಹೋದರೂ ಈಗ ಇಂಥ ಒಬ್ಬ ಹುಡುಗನೋ ಹುಡುಗಿಯೋ ಸಿಗುತ್ತಾರೆ. ಆಸೆ ತಪ್ಪಲ್ಲ. ಆದರೆ ಒಂದು ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು, ನೂಲು ಎಳೆದು ನೋಡುವ ನಾವು, 60 ಲಕ್ಷದ ಶಾಲೆಯನ್ನು ಒಂದು ಕಾಗದ ನೋಡಿ ಕೊಳ್ಳಬಹುದೇ?

ನಮ್ಮೂರ ವಿಮಾನಕ್ಕೆ ಡ್ರೈವರ್ ಇಲ್ಲ

‘ಇಲ್ಲೇ ವರವು ಕಾವಲಲ್ಲಿ ವಿಮಾನ ಹಾರ್ತಾವಲ್ಲ ಸಾರ್, ಅಲ್ಲೇ ಕಲಿಸಂಗಿಲ್ವಾ?’ ಎಂದು ಯಜಮಾನರ ಮೊದಲ ಪ್ರಶ್ನೆ. ಬಹಳ ಜನ ಕೇಳುವ ಪ್ರಶ್ನೆ ಇದು.

ಇಲ್ಲ. ಚಳ್ಳಕೆರೆಯ ವರವು ಕಾವಲಿನಲ್ಲಿ ಇರುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ವಲಯ. ಸುಮಾರು 4,290 ಎಕರೆ ಜಾಗ. 2017ರ ಮೇ ತಿಂಗಳಲ್ಲಿ ಉದ್ಘಾಟನೆ ಆಯಿತು. ಅಲ್ಲಿ ಮುಖ್ಯವಾಗಿ ಹಾರಿಸುವುದು ಮನುಷ್ಯರಿಲ್ಲದ ವಿಮಾನ. ಇಸ್ರೋದವರು ‘ಪುಷ್ಪಕ್’ ಎಂಬ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಆಕಾಶದಲ್ಲಿ ಬಿಟ್ಟು, ಅದು ತಾನೇ ಬಂದು ಇಳಿಯುವ ಪರೀಕ್ಷೆಯನ್ನು 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ಇಲ್ಲೇ ಮಾಡಿದರು. ಅದರಲ್ಲೂ ಪೈಲಟ್ ಇಲ್ಲ. ಅಂದರೆ ನಮ್ಮ ತಾಲ್ಲೂಕಿನ ಆಕಾಶದಲ್ಲಿ ವಿಮಾನ ಉಂಟು, ಡ್ರೈವರ್ ಇಲ್ಲ! ಕುದಾಪುರದ ವಿಜ್ಞಾನ ಸಂಸ್ಥೆಯೂ ಪೈಲಟ್ ಶಾಲೆಯಲ್ಲ. ವಿಮಾನ ಓಡಿಸಲು ಕಲಿಯಬೇಕಾದರೆ ನಮ್ಮ ಮಕ್ಕಳು ಬಸ್ಸು ಹತ್ತಲೇಬೇಕು.

ಮೊದಲು ಡಾಕ್ಟರು, ಆಮೇಲೆ ಏಜೆಂಟ್

ಸಂಬಳಕ್ಕೆ ವಿಮಾನ ಓಡಿಸಲು ಬೇಕಾದದ್ದು ಕಮರ್ಷಿಯಲ್ ಪೈಲಟ್ ಲೈಸೆನ್ಸು. ಕೊಡುವವರು ದಿಲ್ಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿ.ಜಿ.ಸಿ.ಎ. ಶಾಲೆ ಕೊಡುವುದು ತರಬೇತಿ ಮಾತ್ರ. 18 ವರ್ಷ ತುಂಬಿರಬೇಕು. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾಗಿರಬೇಕು ಎಂಬುದು ಬಹುಕಾಲದಿಂದ ನಡೆದುಬಂದ ನಿಯಮ. ಇದನ್ನು ಸಡಿಲಿಸುವ ಮಾತು 2025ರಲ್ಲಿ ಬಂತು. ಆರ್ಟ್ಸ್, ಕಾಮರ್ಸ್ ಓದಿದವರು ಸೇರುವ ದಿನದ ನಿಯಮ ಏನೆಂದು ಡಿ.ಜಿ.ಸಿ.ಎ.ಯಲ್ಲೇ ಕೇಳಿಕೊಳ್ಳಬೇಕು, ಏಜೆಂಟನ ಬಾಯಲ್ಲಿ ಅಲ್ಲ.

ಇದಕ್ಕೆಲ್ಲ ಮೊದಲು ಮೆಡಿಕಲ್. ಶುರುವಿನಲ್ಲಿ ಎರಡನೇ ದರ್ಜೆ ಪರೀಕ್ಷೆ, ಲೈಸೆನ್ಸಿಗೆ ಮೊದಲನೇ ದರ್ಜೆ ಪರೀಕ್ಷೆ. ಕಣ್ಣು, ಕಿವಿ, ಹೃದಯ, ರಕ್ತ ಎಲ್ಲಾ ನೋಡುತ್ತಾರೆ. ಕನ್ನಡಕ ಇದ್ದರೆ ಹೆದರಬೇಕಿಲ್ಲ, ಮಿತಿಯೊಳಗಿದ್ದರೆ ನಡೆಯುತ್ತದೆ. ಆದರೆ ಕೆಂಪು ಹಸಿರು ಬಣ್ಣ ಸರಿಯಾಗಿ ಗುರುತಿಸಲಾಗದ ದೋಷ ಇದ್ದರೆ ದೊಡ್ಡ ತೊಡಕು. ಎಷ್ಟೋ ಹುಡುಗರಿಗೆ ಆ ದೋಷ ಇರುವುದು ತಮಗೇ ಗೊತ್ತಿರುವುದಿಲ್ಲ.

‘ನಮ್ಮ ಮನೇಲಿ ಬಣ್ಣ ಗುರುತಿಸೋದ್ರಾಗೆ ಯಾರೂ ಸೋತಿಲ್ಲ ಸಾರ್, ಮಗ್ಗದ ಮುಂದೆ ಹುಟ್ಟಿದೋರು’ ಎಂದು ಯಜಮಾನರು ನಕ್ಕರು. ಸಂತೋಷ. ಆದರೂ ಪರೀಕ್ಷೆ ಮಾಡಿಸಲೇಬೇಕು. ಡಿ.ಜಿ.ಸಿ.ಎ. ಒಪ್ಪಿದ ಡಾಕ್ಟರುಗಳಿದ್ದಾರೆ. ಮೊದಲನೇ ದರ್ಜೆ ಪರೀಕ್ಷೆಗೆ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೇ ಇದೆ. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಲಕ್ಷ ಕಟ್ಟಿ, ಹತ್ತು ತಿಂಗಳು ಕಲಿತು, ಆಮೇಲೆ ‘ಕಣ್ಣು ಫೇಲ್’ ಅನ್ನಿಸಿಕೊಂಡರೆ ಕಟ್ಟಿದ ದುಡ್ಡು ವಾಪಸು ಯಾರು ಕೊಡುತ್ತಾರೆ?

ಅಂಗಡಿ ಲೆಕ್ಕ

ಈಗ ಶಾಲೆ ಆರಿಸುವ ವಿಚಾರ. ಕಾಗದದಲ್ಲಿರುವ ಕಟ್ಟಡ, ಹಾಸ್ಟೆಲು, ಊಟ, ಟೈ ಎಲ್ಲಾ ಬದಿಗಿಡಿ. ನೀವು ಕೊಳ್ಳುತ್ತಿರುವುದು 200 ಗಂಟೆ ಹಾರಾಟ. ಅದು ಬಿಟ್ಟರೆ ಬೇರೇನಿಲ್ಲ. ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ಮುಖ್ಯ ಪೈಲಟ್ ಆಗಿ. ಊರಿಂದೂರಿಗೆ 20 ಗಂಟೆ, ಉಪಕರಣ ನೋಡಿಕೊಂಡೇ ಓಡಿಸುವುದು 10 ಗಂಟೆ, ರಾತ್ರಿ 5 ಗಂಟೆ. ಇದನ್ನು ಕೊಡುವುದು ವಿಮಾನ, ಮೇಷ್ಟ್ರು ಮತ್ತು ಹವಾಮಾನ. ಕಟ್ಟಡವಲ್ಲ.

ವ್ಯಾಪಾರಸ್ಥರಿಗೆ ಅರ್ಥವಾಗುವ ಹಾಗೆ ಒಂದು ಲೆಕ್ಕ ಹಾಕೋಣ. ಒಂದು ಶಾಲೆಯಲ್ಲಿ 5 ವಿಮಾನ ಅನ್ನಿ. ಒಂದೊಂದೂ ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ 20 ದಿನ ಹಾರಿತು ಅನ್ನಿ. ತಿಂಗಳಿಗೆ 400 ಗಂಟೆ ಸಿಕ್ಕಿತು. 40 ಹುಡುಗರಿದ್ದರೆ ತಲೆಗೆ 10 ಗಂಟೆ. 200 ಗಂಟೆ ಮುಗಿಯಲು 20 ತಿಂಗಳು. ಸರಿ, ನಡೆಯಬಹುದು.

ಅದೇ ಶಾಲೆಯವರು ಫೀಸಿನ ಆಸೆಗೆ 80 ಹುಡುಗರನ್ನು ಸೇರಿಸಿಕೊಂಡರು ಅನ್ನಿ. ತಲೆಗೆ 5 ಗಂಟೆ. ಮುಗಿಯಲು 40 ತಿಂಗಳು. ಐದು ವಿಮಾನದಲ್ಲಿ ಎರಡು ಬಿಡಿಭಾಗವಿಲ್ಲದೆ ಷೆಡ್ಡಿನಲ್ಲಿ ಕೆಟ್ಟು ನಿಂತವು ಅನ್ನಿ. ತಿಂಗಳಿಗೆ 240 ಗಂಟೆ, ತಲೆಗೆ 3 ಗಂಟೆ. ಲೆಕ್ಕ ಹಾಕಿ ನೋಡಿ, 67 ತಿಂಗಳು! ಐದೂವರೆ ವರ್ಷ. ಅಷ್ಟು ದಿನವೂ ರೂಮಿನ ಬಾಡಿಗೆ, ಊಟ, ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತವೆ. ಕಾಗದದಲ್ಲಿ ಬರೆದ 18 ತಿಂಗಳು ಕಾಗದದಲ್ಲೇ ಉಳಿಯುತ್ತದೆ.

ಆದ್ದರಿಂದ ‘ನಿಮ್ಮಲ್ಲಿ ಎಷ್ಟು ವಿಮಾನ ಇದ್ದಾವೆ?’ ಅಂತ ಕೇಳಬೇಡಿ. ‘ಇವತ್ತು ಎಷ್ಟು ಹಾರಿದವು? ಹುಡುಗರೆಷ್ಟು? ಕಲಿಸುವವರೆಷ್ಟು? ಹೋದ ವರ್ಷ ಎಷ್ಟು ಮಂದಿ ಲೈಸೆನ್ಸು ತಗೊಂಡು ಹೊರಗೆ ಹೋದರು?’ ಅಂತ ಕೇಳಿ. ಆಫೀಸಿನವರ ಮಾತು ಅಷ್ಟಕ್ಕೇ ಬಿಡಿ. ಗೇಟಿನ ಹೊರಗೆ ಟೀ ಅಂಗಡಿ ಇದ್ದೇ ಇರುತ್ತದೆ. ಅಲ್ಲಿ ಕುಂತ ಹುಡುಗರನ್ನು ಕೇಳಿ, ‘ಅಪ್ಪಾ, ಹೋದ ತಿಂಗಳು ಎಷ್ಟು ಗಂಟೆ ಹಾರಿದೆ?’ ಅಂತ. ನಿಜ ಅಲ್ಲಿ ಸಿಗುತ್ತದೆ.

ಇನ್ನು ದುಡ್ಡು ಕಟ್ಟುವ ರೀತಿ. ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ಮಾತು ಈ ಸೀಮೆಯ ಮಕ್ಕಳಿಗೂ ಗೊತ್ತು: ಮಾಡಿದಷ್ಟು ನೀಡು ಭಿಕ್ಷೆ. ಪೈಲಟ್ ಶಾಲೆಗೂ ಅದೇ ಸೂತ್ರ. ಹಾರಿಸಿದಷ್ಟಕ್ಕೆ ದುಡ್ಡು. ಕಂತು ಕಂತಾಗಿ ಕಟ್ಟಿ, ಪ್ರತಿ ಕಂತಿಗೂ ಇಷ್ಟು ಗಂಟೆ ಹಾರಾಟ ಎಂದು ಬರೆಸಿಕೊಳ್ಳಿ. ನಡುವೆ ಬಿಟ್ಟರೆ ಎಷ್ಟು ವಾಪಸು, ವಿಮಾನದ ಪೆಟ್ರೋಲು ದುಬಾರಿಯಾದರೆ ಹೆಚ್ಚಿನ ದುಡ್ಡು ಯಾರ ತಲೆಗೆ, ಎಲ್ಲವೂ ಕಾಗದದ ಮೇಲೆ ಇರಲಿ. ರಸೀದಿ ಶಾಲೆಯ ಹೆಸರಿನಲ್ಲೇ ಇರಲಿ, ಏಜೆಂಟನ ಹೆಸರಿನಲ್ಲಿ ಬೇಡ. ‘ಪೂರ್ತಿ ಮೊದಲೇ ಕಟ್ಟಿದರೆ ರಿಯಾಯಿತಿ’ ಅಂದರೆ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೊರಡಿ.

ಶಾಲೆಗಳು ಎಲ್ಲಿವೆ?

ಹೆಸರಾದದ್ದು ಉತ್ತರ ಪ್ರದೇಶದ ಅಮೇಥಿ ಜಿಲ್ಲೆ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ. 1985ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ್ದು. ಪ್ರವೇಶ ಪರೀಕ್ಷೆ ಬರೆದೇ ಸೇರಬೇಕು. ಫೀಸು ಇತ್ತೀಚಿನ ವರ್ಷಗಳಲ್ಲಿ 45 ಲಕ್ಷದ ಆಸುಪಾಸು. ಸೀಟುಗಳಲ್ಲಿ ಮೀಸಲಾತಿ ಉಂಟು. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಇಲ್ಲಿನ ಜಾಣ ಮಕ್ಕಳು ಈ ಪರೀಕ್ಷೆಗೆ ಅರ್ಜಿ ಹಾಕದೆ ಏಜೆಂಟನ ಹಿಂದೆ ಹೋಗುವುದು ನ್ಯಾಯವಲ್ಲ. ಸರ್ಕಾರದ ನೆರವು ಈಗ ಏನೇನಿದೆ ಎಂದು ಸಮಾಜ ಕಲ್ಯಾಣ ಮತ್ತು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯಲ್ಲಿ ಒಂದು ಅರ್ಜಿ ಕೊಟ್ಟು ಕೇಳಲಿಕ್ಕೆ ಖರ್ಚೇನೂ ಇಲ್ಲ.

ನಮ್ಮ ರಾಜ್ಯದಲ್ಲಿ ಹಳೆಯದು ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಮೈಸೂರು ಸಂಸ್ಥಾನದ ಕಾಲದ ಹೆಸರು. ನಡುವೆ ತರಬೇತಿ ನಿಂತು ಮತ್ತೆ ಶುರುವಾದ ಕಾಲಗಳನ್ನೂ ಅದು ಕಂಡಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಖಾಸಗಿ ಶಾಲೆಗಳಿಗೆ ಜಾಗ ಕೊಟ್ಟ ಐದು ಊರುಗಳಲ್ಲಿ ನಮ್ಮ ಬೆಳಗಾವಿ, ಕಲಬುರಗಿ ಎರಡೂ ಇವೆ. ಸರ್ಕಾರದ್ದಾಗಲಿ ಖಾಸಗಿಯಾಗಲಿ, ಮೇಲೆ ಹೇಳಿದ ಲೆಕ್ಕ ಎಲ್ಲರಿಗೂ ಒಂದೇ.

ಡಿ.ಜಿ.ಸಿ.ಎ.ಯೇ ಈಗ ಶಾಲೆಗಳಿಗೆ ದರ್ಜೆ ಕೊಡಲು ಶುರು ಮಾಡಿದೆ. 2025ರ ಅಕ್ಟೋಬರಿನ ಹೊತ್ತಿಗೆ ಬಂದ ಮೊದಲ ಪಟ್ಟಿಯಲ್ಲಿ 35 ಶಾಲೆಗಳ ಪೈಕಿ 13 ಬಿ ದರ್ಜೆ, 22 ಸಿ ದರ್ಜೆ. ಎ ದರ್ಜೆಗೆ ಒಂದೂ ಏರಲಿಲ್ಲ! ವರ್ಷಕ್ಕೆ ಎರಡು ಸಲ ಈ ಪಟ್ಟಿ ಎಂದು ಹೇಳಿದ್ದಾರೆ. ದುಡ್ಡು ಕಟ್ಟುವ ಮುನ್ನ ಹೊಸ ಪಟ್ಟಿ ನೋಡಿ. ಒಪ್ಪಿಗೆ ಪಡೆದ ಶಾಲೆಗಳ ಪಟ್ಟಿಯಲ್ಲೇ ಹೆಸರಿಲ್ಲದಿದ್ದರೆ ಮುಂದಿನ ಮಾತೇ ಬೇಡ.

ಅಮೆರಿಕಕ್ಕೋ ಆಫ್ರಿಕಕ್ಕೋ ಕಳಿಸಿದರೆ ಬೇಗ ಮುಗಿಯಬಹುದು. ಆದರೆ ಅಲ್ಲಿನ ಲೈಸೆನ್ಸು ಇಲ್ಲಿ ನೇರವಾಗಿ ನಡೆಯದು. ವಾಪಸು ಬಂದು ಇಲ್ಲಿನ ಪರೀಕ್ಷೆ ಪಾಸು ಮಾಡಿ ಬದಲಾಯಿಸಿಕೊಳ್ಳಬೇಕು. ಆ ಪರೀಕ್ಷೆಗಳು ಹವಾಮಾನ, ದಾರಿ ಲೆಕ್ಕ, ವಾಯು ನಿಯಮ, ತಾಂತ್ರಿಕ ವಿಷಯಗಳ ಮೇಲೆ. ನೂರಕ್ಕೆ 70 ಬಂದರೇ ಪಾಸು. ಎಲ್ಲಾ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನವರು ಅಂಜಬೇಕಿಲ್ಲ, ಆದರೆ ಹಾರಾಟಕ್ಕೆ ಸೇರುವ ಮೊದಲೇ ಈ ಪೇಪರುಗಳನ್ನು ಆದಷ್ಟು ಮುಗಿಸಿಕೊಂಡರೆ ಸಮಯವೂ ದುಡ್ಡೂ ಉಳಿತಾಯ. ಹುಡುಗನಿಗೆ ಇದು ಆಗುತ್ತದೋ ಇಲ್ಲವೋ ಅನ್ನುವುದೂ ಅಗ್ಗದಲ್ಲೇ ಗೊತ್ತಾಗುತ್ತದೆ.

ಲೈಸೆನ್ಸು ಬಂದ ಮೇಲೆ

‘ಲೈಸೆನ್ಸು ಬಂತು ಅಂದ್ರೆ ಕೆಲಸ ಬಂತಲ್ಲ ಸಾರ್?’ ತಳಕು ದಾಟುವಾಗ ಯಜಮಾನರು ಕೇಳಿದರು.

ಬರುವುದಿಲ್ಲ. 200 ಗಂಟೆ ಹಾರಿದ್ದು ಚಿಕ್ಕ ವಿಮಾನದಲ್ಲಿ. ದೊಡ್ಡ ಏರ್‌ಬಸ್ಸೋ ಬೋಯಿಂಗೋ ಓಡಿಸಲು ಆ ವಿಮಾನದ್ದೇ ಬೇರೆ ತರಬೇತಿ ಬೇಕು. ಅದಕ್ಕೆ ಇನ್ನೊಂದು 15, 20 ಲಕ್ಷ ಇಟ್ಟುಕೊಳ್ಳಿ. ಆ ಕಾಗದದ 60 ಲಕ್ಷದಲ್ಲಿ ಇದು ಸೇರಿರಲಿಲ್ಲ. ಅದಾದ ಮೇಲೆ ಕಂಪನಿಯ ಪರೀಕ್ಷೆ, ಸಂದರ್ಶನ. ಆಮೇಲೆ ಕೋ-ಪೈಲಟ್. ಕ್ಯಾಪ್ಟನ್ ಆಗಲು ಬೇಕಾದ ದೊಡ್ಡ ಲೈಸೆನ್ಸಿಗೆ 1,500 ಗಂಟೆ.

ದೇಶಕ್ಕೆ ಮುಂದಿನ 15, 20 ವರ್ಷದಲ್ಲಿ 30,000 ಪೈಲಟ್ ಬೇಕು ಎಂದು ಕೇಂದ್ರ ಸಚಿವರು 2025ರಲ್ಲಿ ಹೇಳಿದ್ದು ನಿಜ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದ್ದೂ ನಿಜ. ಆಗ ಸಾವಿರಾರು ಗಂಟೆ ಹಾರಿದ ಪೈಲಟ್‌ಗಳೇ ಕೆಲಸ ಹುಡುಕುತ್ತಾ ಸಾಲಿನಲ್ಲಿ ನಿಂತರು. ಹೊಸ ಹುಡುಗ ಆ ಸಾಲಿನ ಹಿಂದೆ. ಶೇಂಗಾ ಬೆಳೆದವರಿಗೆ ಇದನ್ನು ಹೇಳಿಕೊಡಬೇಕೇ? ಬೆಳೆ ಬಂದಾಗ ಬೆಲೆ ಇರಬೇಕಲ್ಲ. ಆದ್ದರಿಂದ ಲೈಸೆನ್ಸು ಬಂದ ಮೇಲೂ ಒಂದೆರಡು ವರ್ಷ ಕಾಯುವ ಶಕ್ತಿ ಮನೆಗೆ ಇರಬೇಕು. ‘ಕೆಲಸ ಗ್ಯಾರಂಟಿ’ ಅಂದವನನ್ನು, ‘ಯಾವ ಏರ್‌ಲೈನು? ಅದರ ಪತ್ರ ಎಲ್ಲಿ?’ ಅಂತ ಕೇಳಿ.

ಬ್ಯಾಂಕಿನ ಮಾತೂ ಅಷ್ಟೇ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಪತ್ರ ಕೇಳುತ್ತಾರೆ. ಮಾರಿದರೂ ಹೊಲ, ಅಡ ಇಟ್ಟರೂ ಹೊಲ.

ಬಸ್ಸು ಚಳ್ಳಕೆರೆ ನಿಲ್ದಾಣಕ್ಕೆ ಬಂದು ನಿಂತಿತು. ಯಜಮಾನರು ಹೊಳೆಯುವ ಕಾಗದವನ್ನು ಮಡಚಿ, ಅದರ ಹಿಂಬದಿಯ ಖಾಲಿ ಜಾಗದಲ್ಲಿ ನಮ್ಮ ಪೆನ್ನಿನಿಂದಲೇ ಬರೆದುಕೊಂಡರು: ಒಂದು, ಮೆಡಿಕಲ್. ಎರಡು, ಪೇಪರ್ ಪರೀಕ್ಷೆ. ಮೂರು, ಷೆಡ್ಡು ನೋಡೋದು. ನಾಲ್ಕು, ಕಂತು.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಅದೇ ಏಜೆಂಟ್. ‘ಶನಿವಾರ ಆಗಲ್ಲ ಬುಡಪ್ಪ. ಮೊದ್ಲು ಹುಡುಗನ್ನ ಡಾಕ್ಟ್ರ ಹತ್ರ ಕರ್ಕೊಂಡೋಗ್ಬೇಕು. ಆಮೇಲೆ ನಿಮ್ ವಿಮಾನ ಎಷ್ಟು ಹಾರ್ತಾವೆ ಅಂತ ನಾನೇ ಬಂದು ಎಣಿಸ್ತೀನಿ’ ಎಂದರು. ಆ ಕಡೆಯಿಂದ ಫೋನ್ ತಟ್ಟನೆ ಕಟ್ ಆಯಿತು.

ಹುಡುಗ ಪೈಲಟ್ ಆಗಲಿ ಎಂದು ನಾವೂ ಹಾರೈಸುತ್ತೇವೆ. ನಾಲ್ಕು ಎಕರೆ ಸದ್ಯಕ್ಕೆ ಹಂಗೇ ಐತೆ.